ಮಣ್ಣನ್ನು ಪ್ರಶ್ನಿಸುವ ಬಗೆ

ಬಳ್ಳಾರಿ ನಗರದಿಂದ ಹೊಸಪೇಟೆಯ ಕಡೆಗೆ ಹೊರಟವನು ಕೋಟೆಯ ಗುಡ್ಡವನ್ನು ಹಿಂದೆ ಬಿಟ್ಟು ಸ್ವಲ್ಪ ದೂರ ಸಾಗಿದರೆ ಕಂಟೋನ್ಮೆಂಟ್ ಪ್ರದೇಶವನ್ನು ಸೇರುತ್ತಾನೆ. 1800ರಲ್ಲಿ ಈ ಸೀಮೆಯು ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಮೇಲೆ ಇಲ್ಲಿ ಸೈನ್ಯವು ಬೀಡುಬಿಟ್ಟಿತು. ಸೈನಿಕರು ಹೊರಟುಹೋಗಿ ಎಷ್ಟೋ ಕಾಲವಾದರೂ ಅವರ ಬೀಡಿನ ಹೆಸರು ಮಾತ್ರ ಊರಿನ ನಾಲಗೆಯ ಮೇಲೆ ಉಳಿದುಕೊಂಡಿದೆ. ಇಂದು ಅಲ್ಲಿ ರೈಲುನಿಲ್ದಾಣವಿದೆ, ವೈದ್ಯಕೀಯ ವಿದ್ಯಾಲಯವಿದೆ, ಶಾಲೆಗಳಿವೆ. ಆದರೆ ಈ ಪಾಠಕ್ಕೆ ಮುಖ್ಯವಾದುದು ಇವಾವುವೂ ಅಲ್ಲ. ಹೊಸಪೇಟೆ ರಸ್ತೆಯ ಬದಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಸಂಶೋಧನಾ ಕೇಂದ್ರವೊಂದಿದೆ. ಬಳ್ಳಾರಿಯು ಮೈಸೂರು ಸಂಸ್ಥಾನಕ್ಕೆ ಸೇರಿದ್ದು 1953ರಲ್ಲಿ. ಅದರ ಮರುವರ್ಷವೇ, ಅಂದರೆ 1954ರಲ್ಲಿ, ಈ ಕೇಂದ್ರವು ಆರಂಭವಾಯಿತು. ದೆಹರಾದೂನಿನಲ್ಲಿ ಮುಖ್ಯ ಕಚೇರಿಯುಳ್ಳ ರಾಷ್ಟ್ರೀಯ ಸಂಸ್ಥೆಯ ಒಂದು ಶಾಖೆ ಇದು. ಇಲ್ಲಿನವರು ದಶಕಗಳಿಂದ ಪ್ರಶ್ನಿಸುತ್ತ ಬಂದಿರುವುದು ನಮ್ಮ ಕಾಲಕೆಳಗಿನ ಕಪ್ಪು ಮಣ್ಣನ್ನು.

ಕಪ್ಪು ಮಣ್ಣನ್ನು ನಮ್ಮ ರೈತರು ಎರೆ ಎಂದು ಕರೆಯುತ್ತಾರೆ. ಬೇಸಗೆಯಲ್ಲಿ ಇದು ಕೈ ತೂರುವಷ್ಟು ಬಿರಿಯುತ್ತದೆ. ಮಳೆ ಬಿದ್ದಾಗ ಉಬ್ಬಿ, ಬಿರುಕುಗಳನ್ನು ತಾನೇ ಮುಚ್ಚಿಕೊಂಡು, ಮೇಲೆ ಬಿದ್ದ ನೀರನ್ನು ಬಹು ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್ ಮಾತ್ರ. ಅದರ ಬಹುಭಾಗ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಕೆಲವೇ ಗಳಿಗೆಗಳ ಜೋರು ಮಳೆಯಾಗಿ ಬೀಳುತ್ತದೆ. ಇಂಗಲಾರದ ನೀರು ಹರಿಯುತ್ತದೆ. ಹರಿಯುವ ನೀರು ಬರಿಗೈಯಲ್ಲಿ ಹೋಗುವುದಿಲ್ಲ, ಮೇಲ್ಮಣ್ಣನ್ನು ಹೊತ್ತುಕೊಂಡೇ ಹೋಗುತ್ತದೆ. ಮಳೆ ಕಡಿಮೆಯಾಗಿರುವ ನಾಡಿನಲ್ಲಿ ಮಳೆಯಿಂದಲೇ ಹೊಲ ಹಾಳಾಗುವುದೆಂದರೆ ಹೊರಗಿನವರಿಗೆ ಸೋಜಿಗ. ಕುರುಗೋಡು, ಸಿರುಗುಪ್ಪದ ಕಡೆ ಕಾಲುವೆಯ ನೀರು ಏರದ ಹೊಲಗಳಲ್ಲಿ ಹಿಂಗಾರಿ ಜೋಳವನ್ನೋ ಕಡಲೆಯನ್ನೋ ಬೆಳೆಯುವವರಿಗೆ ಅದು ಸೋಜಿಗವಲ್ಲ, ಸಂಕಟ.

ಇದಕ್ಕೆ ಹಿಂದಿನಿಂದ ಬಂದ ಉಪಾಯವೆಂದರೆ ಒಡ್ಡು. ಇಳುಕಲಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಮಣ್ಣಿನ ದಿಬ್ಬ ಹಾಕಿದರೆ ನೀರು ನಿಲ್ಲುತ್ತದೆ, ನಿಂತ ನೀರು ಇಂಗುತ್ತದೆ, ಮಣ್ಣು ಉಳಿಯುತ್ತದೆ. ಕೇಳಲು ಸರಳ, ಮಸಾರಿ ಭೂಮಿಯಲ್ಲಿ ಬಹುಮಟ್ಟಿಗೆ ಸತ್ಯವೂ ಹೌದು. ಆದರೆ ಅದೇ ಒಡ್ಡನ್ನು ಆಳವಾದ ಎರೆಭೂಮಿಗೆ ತಂದಾಗ ಬೇರೆಯೇ ಸಂಗತಿ ನಡೆಯಿತು. ನೀರು ಇಂಗದೆ ಒಡ್ಡಿನ ಮೇಲುಭಾಗದಲ್ಲಿ ದಿನಗಟ್ಟಲೆ ನಿಂತು ಪೈರನ್ನು ಕೊಳೆಸಿತು. ಬೇಸಗೆಯಲ್ಲಿ ಒಡ್ಡೇ ಬಿರಿದಿದ್ದುದರಿಂದ ಮುಂದಿನ ದೊಡ್ಡ ಮಳೆಗೆ ಒಡೆಯಿತು. ಒಡ್ಡು ಒಡೆದ ಮೇಲೆ ತಡೆದು ನಿಂತ ನೀರೆಲ್ಲ ಒಂದೇ ಕಡೆ ನುಗ್ಗಿ, ಒಡ್ಡು ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಕೊರಕಲನ್ನು ಮಾಡಿತು. ಆದುದರಿಂದಲೇ ಇಂಥ ಭೂಮಿಗೆ ನೀರನ್ನು ಪೂರಾ ತಡೆಯದೆ, ಅಲ್ಪ ಇಳುಕಲು ಕೊಟ್ಟು, ಹೆಚ್ಚಾದುದನ್ನು ಮೆಲ್ಲಗೆ ಹುಲ್ಲಿನ ಹಾದಿಗೆ ಸಾಗಿಸುವ ಒಡ್ಡುಗಳನ್ನು ತಜ್ಞರು ಸೂಚಿಸತೊಡಗಿದರು.

ಒಂದು ನೆಲದಲ್ಲಿ ನಿಜವಾದುದು ಇನ್ನೊಂದರಲ್ಲಿ ನಿಜವಾಗಬೇಕಾಗಿಲ್ಲ ಎಂಬುದನ್ನು ಹೊಲ ಹಾಳಾಗುವ ಮೊದಲೇ ತಿಳಿಯುವುದು ಹೇಗೆ? ಪ್ರಯೋಗ ಮಾಡಿ ಎಂದು ನೀವು ಹೇಳಬಹುದು. ಆದರೆ ಪ್ರಯೋಗವನ್ನು ಹೇಗೆ ಮಾಡಬೇಕೆಂಬುದೇ ಒಂದು ಶಾಸ್ತ್ರವಾಗಿ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿಗೆ 1919ರಲ್ಲಿ ಬಂದ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞ, ಅಲ್ಲಿ ಎಷ್ಟೋ ವರ್ಷಗಳಿಂದ ಕೂಡಿಟ್ಟಿದ್ದ ಬೆಳೆಯ ಲೆಕ್ಕಗಳನ್ನು ಕಂಡು, ಬೆಳೆದ ಮೇಲೆ ಲೆಕ್ಕ ಹಾಕುವುದಕ್ಕಿಂತ ಬಿತ್ತುವ ಮೊದಲೇ ಯೋಚಿಸುವುದು ಮೇಲೆಂದು ಮನಗಂಡನು. 1935ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಚಹದ ಉದಾಹರಣೆಯೊಂದು ಬರುತ್ತದೆ. ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹ ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದು ಒಬ್ಬ ಮಹಿಳೆ ಹೇಳಿದಳು. ಫಿಶರ್ ವಾದಕ್ಕೆ ಇಳಿಯಲಿಲ್ಲ. ಎಂಟು ಬಟ್ಟಲುಗಳಲ್ಲಿ ನಾಲ್ಕನ್ನು ಒಂದು ಬಗೆಯಾಗಿ, ನಾಲ್ಕನ್ನು ಇನ್ನೊಂದು ಬಗೆಯಾಗಿ ತಯಾರಿಸಿ, ಗೊತ್ತುಗುರಿಯಿಲ್ಲದ ಕ್ರಮದಲ್ಲಿ ಆಕೆಯ ಮುಂದಿಡುವ ಯೋಜನೆ ಹಾಕಿದನು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಏನೂ ತಿಳಿಯದವಳು ಕೇವಲ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ ಎಪ್ಪತ್ತರಲ್ಲಿ ಒಂದು. ಪರೀಕ್ಷೆಗೆ ಮುಂಚೆಯೇ ಈ ಲೆಕ್ಕ ಕೈಯಲ್ಲಿರುವುದರಿಂದ, ಉತ್ತರ ಬಂದ ಮೇಲೆ ಯಾರೂ ತಮಗೆ ಬೇಕಾದಂತೆ ಅರ್ಥ ಹಚ್ಚುವಂತಿಲ್ಲ.

ಈ ಶಾಸ್ತ್ರಕ್ಕೆ ಹಿರಿಯ ಕಾಣಿಕೆ ಸಲ್ಲಿಸಿದವರೊಬ್ಬರು ನಮ್ಮ ನೆಲದಲ್ಲೇ ಹುಟ್ಟಿದವರು. ಕಲ್ಯಂಪುಡಿ ರಾಧಾಕೃಷ್ಣ ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ ಜನಿಸಿದರು. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ತೆಲುಗು ಮನೆಮಾತಿನ ಕುಟುಂಬದ ಎಂಟನೆಯ ಮಗುವಾದುದರಿಂದ, ದೇವಕಿಯ ಎಂಟನೆಯ ಮಗನ ನೆನಪಿಗೆ ಕೃಷ್ಣನ ಹೆಸರನ್ನೇ ಇಟ್ಟರಂತೆ. ಗಣಿತದ ಪದವಿ ಪಡೆದು, ಯುದ್ಧಕಾಲದಲ್ಲಿ ಸೈನ್ಯದ ಕೆಲಸವೊಂದನ್ನು ಅರಸಿ ಕಲ್ಕತ್ತೆಗೆ ಹೋದ ಈ ತರುಣನಿಗೆ ಆ ಕೆಲಸ ಸಿಗಲಿಲ್ಲ. ಅಲ್ಲಿಯೇ ಮಹಾಲನೋಬಿಸರು 1931ರಲ್ಲಿ ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಷಯ ತಿಳಿದು, 1941ರಲ್ಲಿ ಅದನ್ನು ಸೇರಿದರು. ಸಿಗದೆ ಹೋದ ಕೆಲಸಕ್ಕೆ ಸಂಖ್ಯಾಶಾಸ್ತ್ರವು ಋಣಿಯಾಗಿರಬೇಕು! 2023ರಲ್ಲಿ, ನೂರೆರಡು ವರ್ಷಗಳ ಬಾಳನ್ನು ಪೂರೈಸಿದ ರಾಯರು ಅಮೆರಿಕದಲ್ಲಿ ತೀರಿಕೊಂಡರು.

ಅವರ ಅನೇಕ ಶೋಧಗಳಲ್ಲಿ ಇಲ್ಲಿ ನಮಗೆ ಬೇಕಾದುದು ಒಂದೇ. 1940ರ ದಶಕದಲ್ಲಿ ಅವರು ಲಂಬ ವಿನ್ಯಾಸ ಎಂಬ ಅಂಕೆಗಳ ಜೋಡಣೆಯನ್ನು ರೂಪಿಸಿದರು. ಒಂದು ಪರಿಣಾಮಕ್ಕೆ ಮೂರು ಕಾರಣಗಳಿರಬಹುದೆಂದೂ ಪ್ರತಿಯೊಂದನ್ನೂ ಎರಡು ಬಗೆಯಲ್ಲಿ ಪರೀಕ್ಷಿಸಬೇಕೆಂದೂ ಇಟ್ಟುಕೊಳ್ಳಿ. ಎಲ್ಲ ಜೋಡಣೆಗಳನ್ನೂ ಮಾಡಿದರೆ ಎಂಟು ಪ್ರಯೋಗಗಳಾಗುತ್ತವೆ. ಆದರೆ ಜಾಣತನದಿಂದ ಆರಿಸಿದ ನಾಲ್ಕೇ ಪ್ರಯೋಗಗಳಲ್ಲಿ, ಯಾವ ಎರಡು ಕಾರಣಗಳನ್ನು ತೆಗೆದುಕೊಂಡರೂ ಅವುಗಳ ನಾಲ್ಕು ಜೋಡಣೆಗಳೂ ಒಂದೊಂದು ಸಲ ಬರುವಂತೆ ಮಾಡಬಹುದು. ಕಾರಣಗಳು ಹತ್ತಾರು ಇರುವಲ್ಲಿ ಈ ಮಿತವ್ಯಯವು ದೊಡ್ಡ ವರದಾನ. ಜಪಾನಿನ ತಾಗುಚಿಯಂಥವರು ಇಂಥ ಜೋಡಣೆಗಳನ್ನು ಕಾರ್ಖಾನೆಗಳಿಗೆ ಒಯ್ದರು. ಇಂದು ಪ್ರಯೋಗಗಳನ್ನು ಯೋಜಿಸಿಕೊಡುವ ತಂತ್ರಾಂಶಗಳ ಹೊಟ್ಟೆಯೊಳಗೆಲ್ಲ ಇವು ಕುಳಿತಿವೆ. ಗುಂಡಿಯೊತ್ತಿದರೆ ಪಟ್ಟಿ ಸಿದ್ಧ. ಆದರೆ ಮಿತವ್ಯಯಕ್ಕೆ ಒಂದು ಬೆಲೆಯುಂಟು. ಅದನ್ನು ಮುಂದೆ ನೋಡೋಣ.

ಈಗ ಕಂಟೋನ್ಮೆಂಟಿನ ಒಂದು ಪ್ರೌಢಶಾಲೆಯನ್ನು ಕಲ್ಪಿಸಿಕೊಳ್ಳೋಣ. ಒಂಬತ್ತನೆಯ ತರಗತಿಯ ಮಕ್ಕಳು ಮಣ್ಣಿನ ಕೊಚ್ಚಣೆಯನ್ನು ತಾವೇ ಅಳೆಯಬೇಕೆಂದು ಹೊರಟಿದ್ದಾರೆ. ಬೇಕಾದ ಸಲಕರಣೆ ದೊಡ್ಡದೇನಲ್ಲ: ಒಂದೇ ಅಳತೆಯ ಕೆಲವು ತಗಡಿನ ತಟ್ಟೆಗಳು, ಹೊಲದಿಂದ ತಂದು ಜರಡಿ ಹಿಡಿದ ಎರೆಮಣ್ಣು, ಗಿಡಗಳಿಗೆ ನೀರು ಚಿಮುಕಿಸುವ ಝಾರಿ, ಹರಿದುಬಂದ ಕೆಸರುನೀರನ್ನು ಹಿಡಿಯಲು ಬೋಗುಣಿಗಳು, ಒಂದು ತಕ್ಕಡಿ. ಪ್ರತಿ ತಟ್ಟೆಗೂ ಒಂದೇ ಎತ್ತರದಿಂದ ಎರಡು ಲೀಟರ್ ನೀರು ಸುರಿಯುತ್ತಾರೆ. ಕೆಸರು ತಳದಲ್ಲಿ ನಿಂತ ಮೇಲೆ ತಿಳಿನೀರನ್ನು ಬಸಿದು, ಮಣ್ಣನ್ನು ಒಣಗಿಸಿ ತೂಗುತ್ತಾರೆ.

ಪರೀಕ್ಷಿಸಬೇಕಾದ ಕಾರಣಗಳು ಮೂರು. ಮೊದಲನೆಯದು ಹೊದಿಕೆ: ಮಣ್ಣು ಬರಿದಾಗಿರಬೇಕೆ, ಮೇಲೆ ಜೋಳದ ದಂಟಿನ ಚೂರುಗಳನ್ನು ಹರಡಬೇಕೆ? ಎರಡನೆಯದು ಇಳುಕಲು: ತಟ್ಟೆಯ ಒಂದು ತುದಿಯನ್ನು ಸ್ವಲ್ಪ ಎತ್ತಬೇಕೆ, ಹೆಚ್ಚು ಎತ್ತಬೇಕೆ? ಮೂರನೆಯದು ಸಾಲು: ನೀರು ಹರಿಯುವ ದಿಕ್ಕಿನಲ್ಲೇ ಉದ್ದಕ್ಕೆ ಸಾಲು ಗೀಚಬೇಕೆ, ಅದಕ್ಕೆ ಅಡ್ಡಲಾಗಿ ಗೀಚಬೇಕೆ? ಅಡ್ಡಸಾಲಿನ ದಿಂಡುಗಳೆಂದರೆ ಪುಟ್ಟ ಒಡ್ಡುಗಳೇ.

ಇಲ್ಲಿ ಮೊದಲ ಎಚ್ಚರಿಕೆ ಬೇಕು. ಬಳ್ಳಾರಿಯ ಬಿಸಿಲು ನಿಮಗೆ ಗೊತ್ತಿದೆ. ಬೆಳಗ್ಗೆ ಹಸಿಯಾಗಿದ್ದ ಮಣ್ಣು ಮಧ್ಯಾಹ್ನದ ಹೊತ್ತಿಗೆ ಒಣಗಿ ಬಿರಿಯತೊಡಗುತ್ತದೆ. ದಂಟು ಹರಡಿದ ತಟ್ಟೆಗಳನ್ನೆಲ್ಲ ಬೆಳಗ್ಗೆ, ಬರಿ ತಟ್ಟೆಗಳನ್ನೆಲ್ಲ ಮಧ್ಯಾಹ್ನ ಪರೀಕ್ಷಿಸಿದರೆ, ಕಂಡ ವ್ಯತ್ಯಾಸವು ದಂಟಿನದೋ ಬಿಸಿಲಿನದೋ ಯಾರೂ ಹೇಳಲಾರರು. ಯಾವ ತಂತ್ರಾಂಶವೂ ಆಮೇಲೆ ಈ ಗಂಟನ್ನು ಬಿಡಿಸಲಾರದು. ಆದುದರಿಂದ ಎಂಟು ಜೋಡಣೆಗಳನ್ನು ಎರಡೆರಡು ಸಲ, ಒಟ್ಟು ಹದಿನಾರು ಚೀಟಿಗಳಲ್ಲಿ ಬರೆದು, ಡಬ್ಬಿಯಲ್ಲಿ ಹಾಕಿ ಕುಲುಕಿ, ಎತ್ತಿದ ಕ್ರಮದಲ್ಲೇ ಪರೀಕ್ಷಿಸಬೇಕು. ಗಣಕಯಂತ್ರವೂ ಯಾದೃಚ್ಛಿಕ ಅಂಕೆಗಳನ್ನು ಕೊಡಬಲ್ಲುದು, ನಿಜ. ಆದರೂ ಮೊದಲ ಸಲ ಚೀಟಿಯೇ ಲೇಸೆಂದು ನನ್ನ ಅಭಿಪ್ರಾಯ. ಚೀಟಿ ಎತ್ತುವ ಕೈಗೆ, ತನ್ನ ಇಷ್ಟವನ್ನು ತಾನು ಬಿಟ್ಟುಕೊಡುತ್ತಿದ್ದೇನೆಂಬುದು ತಿಳಿಯುತ್ತದೆ. ಹಾಗೆಯೇ ಎರಡೆರಡು ಸಲ ಮಾಡುವುದೂ ವ್ಯರ್ಥವಲ್ಲ. ಒಂದೇ ಬಗೆಯ ಎರಡು ತಟ್ಟೆಗಳು ಒಂದರಿಂದೊಂದು ಎಷ್ಟು ಭಿನ್ನವೆಂದು ತಿಳಿಯದಿದ್ದರೆ, ಬೇರೆ ಬಗೆಯ ತಟ್ಟೆಗಳ ಭೇದವನ್ನು ನಂಬುವುದೆಂತು?

ತಟ್ಟೆಗಳ ಕೆಲಸ ಮುಗಿದ ಮೇಲೆ ಗಣಕಯಂತ್ರದ ಸರದಿ. ನಮ್ಮ ದೇಶದ ಶಾಲೆಗಳಿಗೆ ಈ ಯಂತ್ರ ಮೊದಲು ಬಂದಾಗ ಹೀಗಿರಲಿಲ್ಲ. 1984ರಲ್ಲಿ ಆರಂಭವಾದ ಕೇಂದ್ರದ ಯೋಜನೆಯೊಂದರಡಿ ಕೆಲವು ನೂರು ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಸಣ್ಣ ಗಣಕಗಳನ್ನು ಕೊಟ್ಟಾಗ, ಯಂತ್ರವನ್ನು ಪರಿಚಯಿಸುವುದೇ ಪಾಠವಾಗಿತ್ತು. ಯಂತ್ರದಿಂದ ಬೇರೊಂದು ವಿಷಯವನ್ನು ಕಲಿಯುವ ಹಂಬಲ ಬಂದದ್ದು ನಿಧಾನವಾಗಿ. 2010ರ ದಶಕದಲ್ಲಿ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದ ಮೂಲಕ ಜಿಯೋಜಿಬ್ರಾ ಮೊದಲಾದ ಉಚಿತ ತಂತ್ರಾಂಶಗಳ ತರಬೇತಿ ದೊರೆಯಿತು. ಆಸ್ಟ್ರಿಯದ ವಿದ್ಯಾರ್ಥಿಯೊಬ್ಬ ತನ್ನ ಪದವಿಯ ಪ್ರಬಂಧಕ್ಕಾಗಿ ಆರಂಭಿಸಿದ ಈ ಜಿಯೋಜಿಬ್ರಾದಲ್ಲಿ ಒಂದು ಜಾರುಗುಂಡಿಯನ್ನು ಎಳೆದರೆ ಸಮೀಕರಣದ ಬೆಲೆ ಬದಲಾಗಿ, ತೆರೆಯ ಮೇಲಿನ ಗೆರೆಯೂ ಕೂಡಲೇ ಬದಲಾಗುತ್ತದೆ. ಅಂಕಿಗಳ ಕೋಷ್ಟಕಕ್ಕೆ ಲಿಬ್ರೆಆಫೀಸ್ ಇದೆ. ನಮ್ಮ ಮಕ್ಕಳಿಗೆ ಇಷ್ಟು ಸಾಕು.

ಅವರು ಗಣಕಕ್ಕೆ ಕೊಡಬೇಕಾದ ಮಾದರಿ ಯಾವುದು? ಮಣ್ಣಿನ ಕೊಚ್ಚಣೆಗೆ ಹೆಸರಾಂತ ಸಮೀಕರಣವೊಂದಿದೆ. ಅಮೆರಿಕದ ವಿಶ್‌ಮಯರ್ ಮತ್ತು ಸ್ಮಿತ್ ಎಂಬವರು ಅನೇಕ ತಾಕುಗಳ ಹಲವು ವರ್ಷಗಳ ಅಳತೆಗಳಿಂದ ಇದನ್ನು ರೂಪಿಸಿ, 1965ರಲ್ಲಿಯೂ, ಪರಿಷ್ಕರಿಸಿ 1978ರಲ್ಲಿಯೂ ಪ್ರಕಟಿಸಿದರು. ಮಳೆಯ ಬಲ, ಮಣ್ಣಿನ ಸ್ವಭಾವ, ಇಳುಕಲಿನ ಉದ್ದ, ಅದರ ಕಡಿದುತನ, ಬೆಳೆಯ ಹೊದಿಕೆ, ರಕ್ಷಣೆಯ ಕ್ರಮ ಈ ಆರನ್ನೂ ಒಂದರಿಂದೊಂದು ಗುಣಿಸಿದರೆ ವರ್ಷಕ್ಕೆ ಹೆಕ್ಟೇರಿಗೆ ಎಷ್ಟು ಮಣ್ಣು ಹೋಗುವುದೆಂಬ ಅಂದಾಜು ಸಿಗುತ್ತದೆ. ಗುಣಾಕಾರವೆಂಬುದನ್ನು ಇಲ್ಲಿ ಗಮನಿಸಬೇಕು. ಕಡಿದಾದ ಇಳುಕಲು ನಷ್ಟವನ್ನು ಇಮ್ಮಡಿಸುತ್ತದೆ ಎಂದಾದರೆ, ಹೊದಿಕೆ ಇದ್ದರೂ ಇಲ್ಲದಿದ್ದರೂ, ಸಾಲು ಉದ್ದವಿದ್ದರೂ ಅಡ್ಡವಿದ್ದರೂ ಇಮ್ಮಡಿಸುತ್ತದೆ ಎಂದೇ ಇದರ ಅರ್ಥ.

ಲೆಕ್ಕ ಹೇಗೆ ನಡೆಯುವುದೆಂದು ತೋರಿಸಲು ಕೆಲವು ಅಂಕಿಗಳನ್ನು ನಾನೇ ಊಹಿಸಿ ಬರೆಯುತ್ತೇನೆ; ಇವು ಅಳೆದವಲ್ಲ. ಬರಿ ಮಣ್ಣಿನ ತಟ್ಟೆಗಳಲ್ಲಿ ಕೊಚ್ಚಿಹೋದ ಮಣ್ಣು ಹೀಗಿರಲಿ: ಇಳುಕಲು ಕಡಿಮೆಯಿದ್ದು ಸಾಲು ಉದ್ದವಿದ್ದಾಗ 40 ಗ್ರಾಂ, ಸಾಲು ಅಡ್ಡವಿದ್ದಾಗ 20 ಗ್ರಾಂ, ಇಳುಕಲು ಹೆಚ್ಚಿದ್ದು ಸಾಲು ಉದ್ದವಿದ್ದಾಗ 80 ಗ್ರಾಂ, ಅಡ್ಡವಿದ್ದಾಗ 90 ಗ್ರಾಂ. ದಂಟು ಹರಡಿದ ತಟ್ಟೆಗಳಲ್ಲಿ ಇದೇ ಕ್ರಮದಲ್ಲಿ 12, 8, 22 ಮತ್ತು 16 ಗ್ರಾಂ.

ತರಗತಿಯ ಒಂದು ತಂಡವು ಹೊತ್ತು ಉಳಿಸಲೆಂದು ರಾಯರ ವಿನ್ಯಾಸದ ನಾಲ್ಕೇ ಜೋಡಣೆಗಳನ್ನು ಆರಿಸಿಕೊಂಡಿತೆನ್ನಿ. ಅವರ ಪಾಲಿಗೆ ಬಂದ ಅಂಕಿಗಳು 40, 90, 8 ಮತ್ತು 22. ದಂಟಿನ ಪರಿಣಾಮವನ್ನು ನೋಡಿದರೆ ಬರಿ ಮಣ್ಣಿನ ಸರಾಸರಿ 65 ಗ್ರಾಂ, ಹೊದಿಕೆಯುಳ್ಳದ್ದು 15 ಗ್ರಾಂ. ಎಂಟೂ ಜೋಡಣೆಗಳನ್ನು ಮಾಡಿದ ಇನ್ನೊಂದು ತಂಡಕ್ಕೆ ಸಿಕ್ಕಿದ್ದು 57.5 ಮತ್ತು 14.5. ಎರಡೂ ಒಂದೇ ಮಾತನ್ನು ಹೇಳುತ್ತವೆ. ಅರ್ಧ ಕೆಲಸಕ್ಕೆ ಪೂರ್ತಿ ಫಲ!

ಆದರೆ ಸಾಲಿನ ಲೆಕ್ಕಕ್ಕೆ ಬಂದಾಗ ತಂಡಗಳ ನಡುವೆ ಜಗಳವೇ ಆಗುತ್ತದೆ. ನಾಲ್ಕು ತಟ್ಟೆಗಳ ತಂಡದಲ್ಲಿ ಅಡ್ಡಸಾಲಿನ ಸರಾಸರಿ 49, ಉದ್ದಸಾಲಿನದು 31. ಅಡ್ಡಸಾಲು ಹಾನಿಕರ ಎಂದು ಅವರ ತೀರ್ಮಾನ. ಎಂಟು ತಟ್ಟೆಗಳ ತಂಡದಲ್ಲಿ ಅಡ್ಡಸಾಲಿನದು 33.5, ಉದ್ದಸಾಲಿನದು 38.5, ಅಡ್ಡಸಾಲು ಹಿತಕರ ಎಂದು ಇವರದು. ಗಣಕಯಂತ್ರವು ಎರಡು ತಂಡಗಳಿಗೂ ಅಷ್ಟೇ ನಿಸ್ಸಂಕೋಚವಾಗಿ, ಅಷ್ಟೇ ಚೆಲುವಾದ ಸ್ತಂಭಚಿತ್ರಗಳನ್ನು ಬರೆದುಕೊಡುತ್ತದೆ.

ಮಿತವ್ಯಯದ ಬೆಲೆ ಇದೇ. ನಾಲ್ಕೇ ಪ್ರಯೋಗಗಳಿದ್ದಾಗ ಸಾಲಿನ ಪರಿಣಾಮವೂ, ಹೊದಿಕೆ ಮತ್ತು ಇಳುಕಲು ಜೊತೆಗೂಡಿ ಮಾಡುವ ಪರಿಣಾಮವೂ ಒಂದೇ ಅಂಕಿಯೊಳಗೆ ಬೆರೆತುಹೋಗುತ್ತವೆ, ಬೇರ್ಪಡಿಸಲು ಬಾರದು. ಇದು ರಾಯರ ವಿನ್ಯಾಸದ ದೋಷವಲ್ಲ. ಕಾರಣಗಳು ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲವನು ಅದನ್ನು ಬಳಸಬಹುದು. ಆ ಧೈರ್ಯ ಬರಬೇಕಾದುದು ಮಣ್ಣಿನ ತಿಳಿವಳಿಕೆಯಿಂದ, ತಂತ್ರಾಂಶದಿಂದಲ್ಲ.

ಎಂಟು ತಟ್ಟೆಗಳ ತಂಡವೂ ಬೀಗುವಂತಿಲ್ಲ. ಅವರ ಸರಾಸರಿಯು ಒಂದು ಸತ್ಯವನ್ನು ಮುಚ್ಚಿಟ್ಟಿದೆ. ಅವರು ಗುಣಾಕಾರದ ಮಾದರಿಯನ್ನು ಕೋಷ್ಟಕದಲ್ಲಿಟ್ಟು ನೋಡಲಿ. ಬರಿ ಮಣ್ಣಿನಲ್ಲಿ ಹೆಚ್ಚಿನ ಇಳುಕಲು ನಷ್ಟವನ್ನು 40ರಿಂದ 80ಕ್ಕೆ, ಅಂದರೆ ಎರಡರಷ್ಟು, ಏರಿಸಿತು. ಅಡ್ಡಸಾಲು 40ರಿಂದ 20ಕ್ಕೆ, ಅಂದರೆ ಅರ್ಧಕ್ಕೆ, ಇಳಿಸಿತು. ಹಾಗಾದರೆ ಹೆಚ್ಚಿನ ಇಳುಕಲು, ಅಡ್ಡಸಾಲು ಎರಡೂ ಇರುವ ತಟ್ಟೆಯಲ್ಲಿ ಎಷ್ಟಾಗಬೇಕು? ನಲವತ್ತನ್ನು ಎರಡರಿಂದ ಗುಣಿಸಿ ಅರ್ಧ ಮಾಡಿದರೆ ಮತ್ತೆ 40. ಗಣಕವು ತೆರೆಯ ಮೇಲೆ ತೋರಿಸುವುದು 40. ತಕ್ಕಡಿ ಹೇಳುವುದು 90.

ಈಗ ಮಕ್ಕಳು ಎರಡರಲ್ಲಿ ಒಂದನ್ನು ಮಾಡಬಹುದು. ತೂಕದಲ್ಲಿ ತಪ್ಪಾಗಿದೆಯೆಂದು ಆ ಅಂಕಿಯನ್ನು ಅಳಿಸಿಬಿಡಬಹುದು. ಆಗ ಮಾದರಿಯ ಗೆರೆ ನೆಟ್ಟಗಾಗುತ್ತದೆ, ವರದಿಯೂ ಸುಂದರವಾಗುತ್ತದೆ. ಇಲ್ಲವೇ ತಟ್ಟೆಯ ಬಳಿಗೆ ಹಿಂದಿರುಗಿ ಬಗ್ಗಿ ನೋಡಬಹುದು. ಅದೇ ಜೋಡಣೆಯ ಎರಡನೆಯ ತಟ್ಟೆಯೂ ಅಷ್ಟೇ ಮಣ್ಣನ್ನು ಕಳೆದುಕೊಂಡಿರುವುದರಿಂದ, ತಕ್ಕಡಿಯನ್ನು ದೂರುವಂತಿಲ್ಲ. ನೋಡಿದವರಿಗೆ ಕಾಣುವುದು ಒಡೆದ ದಿಂಡುಗಳು. ಮೇಲಿನ ಸಾಲಿನಲ್ಲಿ ನೀರು ತುಂಬಿ, ದಿಂಡನ್ನು ಒಂದು ಕಡೆ ಕೊರೆದು, ಕೆಳಗಿನ ದಿಂಡಿಗೆ ಒಮ್ಮೆಲೇ ನುಗ್ಗಿ, ಅದನ್ನೂ ಒಡೆದು, ತಟ್ಟೆಯ ನಡುವೆ ಪುಟ್ಟ ಕೊರಕಲೊಂದನ್ನು ತೋಡಿದೆ. ದಂಟು ಹರಡಿದ ತಟ್ಟೆಯಲ್ಲಿ ಹಾಗಾಗಿಲ್ಲ. ಅಲ್ಲಿ ಹನಿಗಳ ಪೆಟ್ಟನ್ನು ದಂಟು ತಿಂದಿದೆ, ನೀರಿನ ಓಟವನ್ನೂ ತಡೆದಿದೆ, ದಿಂಡು ಉಳಿದಿದೆ. ಅಂದರೆ ಹೊದಿಕೆ, ಇಳುಕಲು, ಸಾಲು ಮೂರೂ ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕಿವೆ.

ವಿಶ್‌ಮಯರ್ ಮತ್ತು ಸ್ಮಿತ್ ಅವರ ಸಮೀಕರಣವು ನೆಲದ ಮೇಲೆ ಪದರವಾಗಿಯೂ ಸಣ್ಣ ಸಣ್ಣ ಝರಿಗಳಾಗಿಯೂ ಹೋಗುವ ಮಣ್ಣನ್ನು ಲೆಕ್ಕ ಹಾಕುತ್ತದೆಯೇ ಹೊರತು ಕೊರಕಲನ್ನಲ್ಲ. ಒಡೆದ ಒಡ್ಡು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಮಾದರಿ ಸುಳ್ಳಾಡಲಿಲ್ಲ, ಅದಕ್ಕೆ ತಿಳಿಯದ ಪ್ರಶ್ನೆಯನ್ನು ನಾವು ಕೇಳಿದೆವು, ಅದು ತನಗೆ ತಿಳಿದ ಉತ್ತರವನ್ನು ಕೊಟ್ಟಿತು. ನಮ್ಮ ಎರೆಹೊಲಗಳಲ್ಲಿ ಹಿಂದೆ ನಡೆದದ್ದನ್ನು ಒಂದು ತಗಡಿನ ತಟ್ಟೆ ಹತ್ತು ನಿಮಿಷಗಳಲ್ಲಿ ಆಡಿತೋರಿಸಬಲ್ಲುದು. ನೋಡಲು ಒಬ್ಬರು ಅಲ್ಲಿ ನಿಂತಿರಬೇಕು, ಅಷ್ಟೆ.

ನಮ್ಮ ಕಲ್ಪನೆಯ ತರಗತಿಯಲ್ಲಿ ಕುರುಗೋಡಿನ ಕಡೆಯಿಂದ ಬರುವ ಹುಡುಗಿಯೊಬ್ಬಳಿದ್ದಾಳೆನ್ನಿ. ಒಡೆದ ದಿಂಡನ್ನು ಕಂಡು ಅವಳು, “ಸರ್, ನಮ್ಮ ಹೊಲದಾಗ ಒಡ್ಡಿನ ತುದೀಗೆ ನೀರು ಹೋಗಾಕ ಕಲ್ಲಿನ ಬಾಯಿ ಬಿಟ್ಟಾರ್ರಿ. ಇದಕ್ಕ ಬಾಯಿನೇ ಇಲ್ಲ” ಎನ್ನುತ್ತಾಳೆ. ಮಾಸ್ತರರು ಒಂದು ಕ್ಷಣ ಸುಮ್ಮನಿದ್ದು, ಕರಿಹಲಗೆಯ ಮೇಲೆ ಬರೆದಿದ್ದ ಮೂರು ಕಾರಣಗಳ ಕೆಳಗೆ ನಾಲ್ಕನೆಯದನ್ನು ಸೇರಿಸುತ್ತಾರೆ: ದಿಂಡಿನ ತುದಿಯಲ್ಲಿ ಬಾಯಿ ಇದೆಯೇ, ಇಲ್ಲವೇ? ಉದ್ದಸಾಲಿಗೆ ಬಾಯಿಯ ಮಾತಿಲ್ಲ; ಆದುದರಿಂದ ಇದನ್ನು ಅಡ್ಡಸಾಲಿನ ತಟ್ಟೆಗಳಲ್ಲಿ ಮಾತ್ರ ಪರೀಕ್ಷಿಸಬೇಕು. ಹೊದಿಕೆಗೆ ಎರಡು, ಇಳುಕಲಿಗೆ ಎರಡು, ಬಾಯಿಗೆ ಎರಡು, ಮತ್ತೆ ಎಂಟು ಜೋಡಣೆಗಳು. ಎರಡೆರಡು ಸಲವೆಂದರೆ ಹದಿನಾರು ಚೀಟಿಗಳು. ತಟ್ಟೆಗಳಿಗೆ ಹೊಸ ಮಣ್ಣು ತುಂಬಬೇಕು. ಒಬ್ಬನು ಡಬ್ಬಿಯನ್ನು ತರಲು ಓಡುತ್ತಾನೆ.